ಬಂಡಾಯ ಗಡಿ ದಾಟಿದಾಗ

1956ರ ಅಕ್ಟೋಬರ್ 23ರಂದು ಬುಡಾಪೆಸ್ಟಿನ ವಿದ್ಯಾರ್ಥಿಗಳು ಮೆರವಣಿಗೆ ಹೊರಟು ಸೇರಿದ್ದು ಪರದೇಶದ ದಂಡನಾಯಕನೊಬ್ಬನ ಪ್ರತಿಮೆಯ ಬಳಿ. ಯೋಜೆಫ್ ಬೆಮ್ ಪೋಲೆಂಡಿನವನು. 1848–49ರಲ್ಲಿ ಹಂಗೇರಿಯ ಜನ ಆಸ್ಟ್ರಿಯಾದ ಚಕ್ರವರ್ತಿಯ ವಿರುದ್ಧ ಎದ್ದಾಗ ಅವರ ಪರವಾಗಿ ಯುದ್ಧ ಮಾಡಿದವನು. ವಿದ್ಯಾರ್ಥಿಗಳು ಆ ಪ್ರತಿಮೆಯನ್ನು ಬೇಕೆಂದೇ ಆರಿಸಿಕೊಂಡಿದ್ದರು. ಎರಡು ದಿನ ಮೊದಲಷ್ಟೇ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಗೊಮುಲ್ಕಾ ಕಮ್ಯುನಿಸ್ಟ್ ಪಕ್ಷದ ನಾಯಕನಾಗಿದ್ದ. ಸ್ಟಾಲಿನ್ ಕಾಲದಲ್ಲಿ ಸೆರೆಮನೆ ಕಂಡು ಬಂದವನು ಅವನು. ಅವನು ನಾಯಕನಾಗುವುದನ್ನು ತಡೆಯಲು ಸೋವಿಯತ್ ನಾಯಕ ಕ್ರುಶ್ಚೇವ್ ತಾನೇ ವಿಮಾನವೇರಿ ಹೋಗಿ ಗದರಿಸಿ ನೋಡಿದ್ದ, ಸೋವಿಯತ್ ಪಡೆಗಳು ವಾರ್ಸಾದತ್ತ ಹೊರಟೂ ಇದ್ದವು. ಕೊನೆಗೆ ಮಾಸ್ಕೋ ಹಿಂದೆ ಸರಿಯಿತು. ಆ ಸುದ್ದಿ ಬುಡಾಪೆಸ್ಟಿಗೆ ತಲುಪಿತು. ಪೋಲೆಂಡಿನವರಿಗೆ ಸಾಧ್ಯವಾದದ್ದು ನಮಗೇಕೆ ಆಗಬಾರದು ಎಂದು ಹಂಗೇರಿಯವರು ಬೀದಿಗಿಳಿದರು. ಅಂದು ರಾತ್ರಿಯೇ ಸ್ಟಾಲಿನ್ನನ ಬೃಹತ್ ಪ್ರತಿಮೆ ಉರುಳಿತು.

ಮುಂದಿನದು ನಿಮಗೆ ಗೊತ್ತಿದೆ. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ನಗರಕ್ಕೆ ನುಗ್ಗಿದವು. ಸುಮಾರು 2,500 ಹಂಗೇರಿಯನ್ನರು ಸತ್ತರು, ಸುಮಾರು ಎರಡು ಲಕ್ಷ ಮಂದಿ ದೇಶ ಬಿಟ್ಟು ಓಡಿದರು. ಪ್ರಧಾನಿ ಇಮ್ರೆ ನಾಜ್‌ನನ್ನು 1958ರಲ್ಲಿ ಗಲ್ಲಿಗೇರಿಸಿದರು. ಎರಡೂ ದೇಶಗಳು ಒಂದೇ ಸಾಮ್ರಾಜ್ಯದ ನೆರಳಿನಲ್ಲಿದ್ದವು, ಎರಡೂ ಎದ್ದದ್ದು ಒಂದೇ ತಿಂಗಳಲ್ಲಿ. ಒಂದು ಕಡೆ ರಾಜಿಯಾಯಿತು, ಇನ್ನೊಂದು ಕಡೆ ರಕ್ತ ಹರಿಯಿತು. ಹಂಗೇರಿಯವರು ದೂರದಿಂದ ಕಂಡದ್ದು ಮಾಸ್ಕೋ ಹಿಂದೆ ಸರಿದ ದಿನವನ್ನು. ಗೊಮುಲ್ಕಾ ಆ ದಿನವನ್ನು ಕೊಂಡುಕೊಂಡ ಬೆಲೆ ಅವರಿಗೆ ಕಾಣಲಿಲ್ಲ. ಸೋವಿಯತ್ ಮುಂದಾಳತ್ವದ ಸೇನಾ ಕೂಟವಾದ ವಾರ್ಸಾ ಒಪ್ಪಂದವನ್ನು ಬಿಡುವುದಿಲ್ಲ, ಪಕ್ಷದ ಹಿಡಿತವನ್ನು ಸಡಿಲಿಸುವುದಿಲ್ಲ ಎಂದು ಅವನು ಮಾತು ಕೊಟ್ಟಿದ್ದ. ನಾಜ್ ನವೆಂಬರ್ 1ರಂದು ಅದೇ ಒಪ್ಪಂದದಿಂದ ಹೊರಬರುವುದಾಗಿ ಘೋಷಿಸಿದ.

ಒಂದು ದೇಶದ ಬಂಡಾಯ ಇನ್ನೊಂದು ದೇಶದ ಪ್ರತಿಭಟನಕಾರರಿಗೆ ಸ್ಫೂರ್ತಿಯಾಗಬಲ್ಲದೇ ಎಂಬುದು ಇಂದಿನ ವಿಷಯ. ಆಗಬಲ್ಲದು ಎಂದು ಹೇಳಿ ಇಲ್ಲಿಯೇ ಮುಗಿಸಬಹುದು, ಚರಿತ್ರೆಯಲ್ಲಿ ಅದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಸ್ಫೂರ್ತಿ ಪಡೆಯುವವರು ದೂರದಿಂದ ನಿಜವಾಗಿ ನೋಡುವುದು ಏನನ್ನು? ಬಹುಪಾಲು ಸಂದರ್ಭಗಳಲ್ಲಿ ಅವರ ಕಣ್ಣಿಗೆ ಬೀಳುವುದು ಇನ್ನೊಬ್ಬರ ಹೋರಾಟದ ಕೊನೆಯ ದಿನ ಮಾತ್ರ. ಆ ದಿನಕ್ಕೆ ಮೊದಲಿನ ವರ್ಷಗಳು ಗಡಿ ದಾಟಿ ಬರುವುದಿಲ್ಲ. ಬಂದದ್ದು ತೀರ ಅಪರೂಪ, ಆ ಅಪರೂಪದ ಕತೆಯೊಂದನ್ನು ಆಮೇಲೆ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ತಕರಾರು. ಈ ವಿಷಯ ಬಂದ ಕೂಡಲೇ ಪತ್ರಿಕೆಗಳು ಕಾಳ್ಗಿಚ್ಚು, ಅಲೆ, ಸೋಂಕು ಎಂಬ ಪದಗಳನ್ನು ಹೊರತೆಗೆಯುತ್ತವೆ. ಕಿಡಿ ಬಿದ್ದರೆ ಹುಲ್ಲು ಉರಿಯುತ್ತದೆ, ಹುಲ್ಲಿಗೆ ಆಯ್ಕೆಯಿಲ್ಲ. ಮನುಷ್ಯರು ಹಾಗಲ್ಲ. ಬೇರೆಡೆ ನಡೆದದ್ದನ್ನು ನೋಡುತ್ತಾರೆ, ತಮ್ಮೊಳಗೆ ಚರ್ಚಿಸುತ್ತಾರೆ, ಹೆದರುತ್ತಾರೆ, ಲೆಕ್ಕ ಹಾಕುತ್ತಾರೆ; ಕೆಲವರು ಹೊರಡುತ್ತಾರೆ, ಹಲವರು ಮನೆಯಲ್ಲೇ ಉಳಿಯುತ್ತಾರೆ. ಸೋಂಕು ಎಂದವರು ಈ ಲೆಕ್ಕಾಚಾರವನ್ನು ಅಳಿಸಿಹಾಕುತ್ತಾರೆ. ಆಳುವವರಿಗೆ ಆ ಪದ ಬಹಳ ಇಷ್ಟ ಎಂಬುದೂ ಗಮನಿಸಬೇಕಾದ ಸಂಗತಿ: ಸೋಂಕಾದರೆ ಅದಕ್ಕೆ ಮದ್ದು ಹುಡುಕಿದರಾಯಿತು, ಜನರ ದೂರು ಕೇಳಬೇಕಾದ ಅಗತ್ಯವಿಲ್ಲ.

ಇನ್ನೊಂದು ಎಚ್ಚರಿಕೆಯೂ ಬೇಕು. ಎರಡು ದೇಶಗಳು ಒಟ್ಟಿಗೆ ಎದ್ದವೆಂದ ಮಾತ್ರಕ್ಕೆ ಒಂದು ಇನ್ನೊಂದನ್ನು ನೋಡಿ ಎದ್ದಿತು ಎನ್ನುವಂತಿಲ್ಲ. ಎರಡನ್ನೂ ಒಂದೇ ಕಷ್ಟ ಹಿಂಡುತ್ತಿರಬಹುದು. 1848ರಲ್ಲಿ ಜನವರಿಯ ಪಲೆರ್ಮೋದಿಂದ ಫೆಬ್ರವರಿಯ ಪ್ಯಾರಿಸ್, ಮಾರ್ಚ್‌ನ ವಿಯೆನ್ನಾ, ಬುಡಾಪೆಸ್ಟ್, ಬರ್ಲಿನ್, ಮಿಲಾನ್‌ವರೆಗೆ ದಂಗೆಗಳು ಸಾಲುಗಟ್ಟಿದವು. ಪ್ಯಾರಿಸ್ಸಿನ ಸುದ್ದಿ ಹೊತ್ತ ಪತ್ರಿಕೆಗಳ ಪಾತ್ರ ಅದರಲ್ಲಿ ನಿಜಕ್ಕೂ ದೊಡ್ಡದು. ಆದರೆ ಅದರ ಹಿಂದಿನ ಎರಡು ವರ್ಷ ಯುರೋಪಿನುದ್ದಕ್ಕೂ ಬೆಳೆ ಕೈಕೊಟ್ಟು ರೊಟ್ಟಿಯ ಬೆಲೆ ಏರಿತ್ತು ಎಂಬುದನ್ನು ಮರೆಯಬಾರದು. ಹಾಗೆಯೇ 1989. ಪೋಲೆಂಡ್, ಹಂಗೇರಿ, ಪೂರ್ವ ಜರ್ಮನಿ, ಝೆಕೊಸ್ಲೊವಾಕಿಯಾ, ರುಮೇನಿಯಾ ಒಂದರ ಹಿಂದೊಂದು ಕಳಚಿಕೊಂಡವು. ಅಲ್ಲಿನ ಜನ ಪರಸ್ಪರ ನೋಡಿ ಧೈರ್ಯ ತಂದುಕೊಂಡದ್ದು ಸುಳ್ಳಲ್ಲ. ಆದರೆ ಅಷ್ಟೂ ದೇಶಗಳ ಮೇಲೆ ಮೂವತ್ತು ನಲವತ್ತು ವರ್ಷ ತೂಗುತ್ತಿದ್ದ ಕತ್ತಿ ಮಾಸ್ಕೋದ ಸೇನೆ, ಆ ಕತ್ತಿಯನ್ನು ಆಗಿನ ಸೋವಿಯತ್ ನಾಯಕ ಗೋರ್ಬಚೇವ್ ಒರೆಗೆ ಸೇರಿಸಿದ್ದ. 1956ರ ಬುಡಾಪೆಸ್ಟಿನವರಿಗೆ ಇಲ್ಲದಿದ್ದದ್ದು ಧೈರ್ಯವಲ್ಲ, ಗೋರ್ಬಚೇವ್.

ಕಾರಣಗಳು ಗಡಿ ದಾಟಿ ಬರುವುದಿಲ್ಲ, ಅವು ಆಯಾ ದೇಶದಲ್ಲೇ ಹುಟ್ಟಬೇಕು. ಹಸಿದವನಿಗೆ ತಾನು ಹಸಿದಿದ್ದೇನೆಂದು ತಿಳಿಯಲು ಪರದೇಶದ ಸುದ್ದಿ ಬೇಡ. ಹಾಗಾದರೆ ಏನು ಬರುತ್ತದೆ?

ಸರ್ವಾಧಿಕಾರದಲ್ಲಿ ಬಹುತೇಕ ಜನ ಮನಸ್ಸಿನಲ್ಲಿ ಇರುವುದನ್ನು ಬಾಯಲ್ಲಿ ಆಡುವುದಿಲ್ಲ. ಪಕ್ಕದವನೂ ತನ್ನ ಹಾಗೆಯೇ ಬೇಸತ್ತಿದ್ದಾನೆಯೇ ಎಂದು ತಿಳಿಯುವ ದಾರಿ ಯಾರಿಗೂ ಇಲ್ಲ. ಬೆಕ್ಕಿಗೆ ಗಂಟೆ ಕಟ್ಟಬೇಕೆಂದು ಇಲಿಗಳೆಲ್ಲ ಒಪ್ಪಿರುತ್ತವೆ, ಆದರೆ ಒಪ್ಪಿರುವ ಸಂಗತಿ ಒಂದು ಇಲಿಯಿಂದ ಇನ್ನೊಂದಕ್ಕೆ ತಿಳಿದಿರುವುದಿಲ್ಲ. ಇಂಥ ಹೊತ್ತಿನಲ್ಲಿ ಪಕ್ಕದ ದೇಶದಲ್ಲಿ ಒಂದು ಬೆಕ್ಕಿನ ಕೊರಳಲ್ಲಿ ಗಂಟೆ ಕೇಳಿಸಿದರೆ ಎಲ್ಲರ ಅಂದಾಜು ಒಂದೇ ಸಲಕ್ಕೆ ಬದಲಾಗುತ್ತದೆ. ಬದಲಾಗುವುದು ಸಾಧ್ಯಾಸಾಧ್ಯದ ಅಂದಾಜು; ದೇಶದ ಪರಿಸ್ಥಿತಿ ನಿನ್ನೆ ಹೇಗಿತ್ತೋ ಇಂದೂ ಹಾಗೆಯೇ ಇರುತ್ತದೆ. ಈ ಸೂಕ್ಷ್ಮವನ್ನು ಮರೆತವರಿಗೆ ಮುಂದೆ ಕಷ್ಟ ಕಾದಿರುತ್ತದೆ.

ಟ್ಯುನೀಷಿಯಾವನ್ನು ತೆಗೆದುಕೊಳ್ಳಿ. 2010ರ ಡಿಸೆಂಬರ್ 17ರಂದು ಸಿದಿ ಬೂಜಿದ್ ಎಂಬ ಊರಿನಲ್ಲಿ ಮೊಹಮ್ಮದ್ ಬೂಅಝೀಝಿ ಎಂಬ ತಳ್ಳುಗಾಡಿಯ ವ್ಯಾಪಾರಿ ಸರ್ಕಾರಿ ಕಟ್ಟಡದ ಎದುರು ಮೈಗೆ ಬೆಂಕಿ ಹಚ್ಚಿಕೊಂಡ. ಜನವರಿ 14ಕ್ಕೆ, 23 ವರ್ಷ ಆಳಿದ ಬೆನ್ ಅಲಿ ವಿಮಾನ ಹತ್ತಿ ಓಡಿಹೋಗಿದ್ದ. ಅರಬ್ ಜಗತ್ತಿನ ಜನರೆಲ್ಲ ಟಿವಿಯಲ್ಲಿ ಅದನ್ನು ನೋಡಿದರು. ಟ್ಯುನೀಷಿಯಾದ ಹಾದಿ ಈಜಿಪ್ಟಿಗೂ ಬರಬಹುದೇ ಎಂದು ಕೇಳಿದಾಗ ಅಲ್ಲಿನ ವಿದೇಶಾಂಗ ಸಚಿವರು ಅದೆಲ್ಲ ಅರ್ಥವಿಲ್ಲದ ಮಾತು ಎಂದು ತಳ್ಳಿಹಾಕಿದರು. ಜನವರಿ 25ಕ್ಕೆ ಕೈರೋದ ತಹ್ರೀರ್ ಚೌಕ ತುಂಬಿತು, ಫೆಬ್ರವರಿ 11ಕ್ಕೆ ಅಧ್ಯಕ್ಷ ಮುಬಾರಕ್ ಇಳಿದ. ಜನವರಿ ಕೊನೆಯಲ್ಲಿ ಸಿರಿಯಾದ ಬಶರ್ ಅಲ್ ಅಸದ್ ಅಮೆರಿಕದ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟು, ತನ್ನ ದೇಶ ಸ್ಥಿರವಾಗಿದೆ, ಏಕೆಂದರೆ ತಾನು ಜನರ ನಂಬಿಕೆಗಳಿಗೆ ಹತ್ತಿರವಿದ್ದೇನೆ ಎಂದು ವಿವರಿಸಿದ್ದ. ಮಾರ್ಚ್‌ನಲ್ಲಿ ದರಾ ಪಟ್ಟಣ ಎದ್ದಿತು. ಗೋಡೆಯ ಮೇಲೆ ಸರ್ಕಾರದ ವಿರುದ್ಧ ಬರೆದ ಹುಡುಗರನ್ನು ಪೊಲೀಸರು ಹಿಡಿದೊಯ್ದು ಹಿಂಸಿಸಿದ್ದರು. ಆ ಹುಡುಗರು ಬರೆದದ್ದು ಟ್ಯುನಿಸ್ ಮತ್ತು ಕೈರೋದಲ್ಲಿ ಕೇಳಿಬಂದಿದ್ದ ಘೋಷಣೆಯನ್ನೇ.

ಟ್ಯುನಿಸ್‌ನ 28 ದಿನಗಳು ಎಲ್ಲರಿಗೂ ಕಂಡವು. ಅದರ ಹಿಂದೆ ಇದ್ದದ್ದು ಯುಜಿಟಿಟಿ ಎಂಬ ಕಾರ್ಮಿಕ ಒಕ್ಕೂಟ. 1946ರಲ್ಲಿ ಹುಟ್ಟಿದ್ದು, ಊರೂರಿನಲ್ಲಿ ಶಾಖೆಗಳಿದ್ದವು. 2008ರಲ್ಲಿ ಗಾಫ್ಸಾದ ಗಣಿ ಪ್ರದೇಶದಲ್ಲಿ ತಿಂಗಳುಗಟ್ಟಲೆ ನಡೆದ ಪ್ರತಿಭಟನೆಯಲ್ಲಿ ಅದರ ಸ್ಥಳೀಯ ಕಾರ್ಯಕರ್ತರು ಪೆಟ್ಟು ತಿಂದು ಜೈಲಿಗೆ ಹೋಗಿ ಪಳಗಿದ್ದರು. ಸೇನೆಯೂ ಚಿಕ್ಕದು, ಅಧಿಕಾರದ ರುಚಿ ಕಾಣದ್ದು. ಈಜಿಪ್ಟಿನವರಿಗೂ ಇಂಥದೊಂದು ಹಿನ್ನೆಲೆ ಇತ್ತು: 2004ರಿಂದ ಬೀದಿಯಲ್ಲಿದ್ದ, ಮುಬಾರಕ್ ವಿರೋಧಿ ಕಿಫಾಯಾ ಚಳವಳಿ, 2008ರ ಏಪ್ರಿಲ್ 6ರ ಮಹಲ್ಲಾ ಗಿರಣಿ ಕಾರ್ಮಿಕರ ಹೋರಾಟ, 2010ರ ಜೂನ್‌ನಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಪೊಲೀಸರ ಕೈಯಲ್ಲಿ ಸತ್ತ ಖಾಲಿದ್ ಸಯೀದ್ ಎಂಬ ಯುವಕನ ಪರವಾಗಿ ನಡೆದ ಪ್ರತಿಭಟನೆಗಳು. ಟ್ಯುನೀಷಿಯಾ ಅವರಿಗೆ ದಿನಾಂಕ ಕೊಟ್ಟಿತು ಎನ್ನಬಹುದು, ತಯಾರಿ ಅವರದೇ.

ಲಿಬಿಯಾದಲ್ಲಿ ಒಕ್ಕೂಟವಿರಲಿ, ಒಂದು ಪಕ್ಷ ಕಟ್ಟಲೂ ಗದ್ದಾಫಿ ನಾಲ್ಕು ದಶಕ ಬಿಟ್ಟಿರಲಿಲ್ಲ. ಅಲ್ಲಿ ಬಂಡಾಯ ವಾರದೊಳಗೆ ಬಂದೂಕು ಹಿಡಿಯಿತು, ಸುಮಾರು ಒಂದು ತಿಂಗಳಿಗೆ ನ್ಯಾಟೋ ದೇಶಗಳ ವಿಮಾನಗಳು ಬಂದವು, ಅಕ್ಟೋಬರ್‌ನಲ್ಲಿ ಗದ್ದಾಫಿ ಸತ್ತ, ದೇಶ ಚೂರಾಯಿತು. ಸಿರಿಯಾದಲ್ಲಿ ಸೇನೆಯ ಮೇಲಧಿಕಾರಿಗಳು ಆಳುವ ಕುಟುಂಬಕ್ಕೇ ಹೆಣೆದುಕೊಂಡವರು. ಕೈರೋದ ಸೇನಾಧಿಕಾರಿಗಳು ಮುಬಾರಕ್‌ನನ್ನು ಬಿಟ್ಟುಕೊಟ್ಟು ತಾವು ಉಳಿದುಕೊಂಡಂತೆ ಇವರು ಅಸದ್‌ನನ್ನು ಬಿಟ್ಟುಕೊಡಲು ಸಾಧ್ಯವಿರಲಿಲ್ಲ. ಅವನು ಹೋದದ್ದು 2024ರ ಡಿಸೆಂಬರ್‌ನಲ್ಲಿ, ಹದಿಮೂರು ವರ್ಷಗಳ ಯುದ್ಧದ ನಂತರ. ದರಾದ ಜನ ಎದ್ದದ್ದು ತಪ್ಪೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವ ಹಕ್ಕು ಸುರಕ್ಷಿತವಾಗಿ ಕುಳಿತು ಉಪನ್ಯಾಸ ಕೊಡುವವನಿಗೆ ಇಲ್ಲ. ಹದಿನೆಂಟು ದಿನ ಚೌಕದಲ್ಲಿ ಕುಳಿತರೆ ಸೇನೆ ಪಕ್ಷ ಬದಲಿಸುತ್ತದೆ ಎಂಬ ಪಾಠ ಕೈರೋದ್ದು, ಕೈರೋದಲ್ಲಿ ಮಾತ್ರ ನಿಜವಾಗಿದ್ದದ್ದು. ನನ್ನ ಮಾತು ಇಷ್ಟೇ.

ಈಚಿನ ದಕ್ಷಿಣ ಏಷ್ಯಾಕ್ಕೆ ಬರೋಣ. 2022ರ ಜುಲೈ 9ರಂದು ಕೊಲಂಬೊದಲ್ಲಿ ಜನ ಅಧ್ಯಕ್ಷರ ಅರಮನೆಗೆ ನುಗ್ಗಿ ಈಜುಕೊಳಕ್ಕೆ ಹಾರಿದರು. 2024ರ ಆಗಸ್ಟ್ 5ರಂದು ಢಾಕಾದಲ್ಲಿ ಶೇಖ್ ಹಸೀನಾ ಹೆಲಿಕಾಪ್ಟರ್ ಹತ್ತಿದ ಕೂಡಲೇ ಜನ ಪ್ರಧಾನಿ ನಿವಾಸಕ್ಕೆ ನುಗ್ಗಿ ಕೈಗೆ ಸಿಕ್ಕಿದ್ದನ್ನು ಹೊತ್ತೊಯ್ದರು. 2025ರ ಸೆಪ್ಟೆಂಬರ್ 9ರಂದು ಕಠ್ಮಂಡುವಿನಲ್ಲಿ ಸಂಸತ್ತು, ಸರ್ಕಾರದ ಕಚೇರಿಗಳಿದ್ದ ಸಿಂಹ ದರ್ಬಾರ್, ಸುಪ್ರೀಂ ಕೋರ್ಟ್ ಹೊತ್ತಿ ಉರಿದವು. ಮೂರೂ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದು ಜಗತ್ತು ಸುತ್ತಿದವು. ಅವನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಒಂದೇ ಸರಣಿಯ ಮೂರು ಕಂತುಗಳಂತೆ ಕಾಣುವುದು ಸಹಜ.

ಹತ್ತಿರ ಹೋಗಿ ನೋಡಿದರೆ ಮೂರೂ ಬೇರೆ. ಕೊಲಂಬೊದಲ್ಲಿ ದೇಶ ಸಾಲ ತೀರಿಸಲಾಗದೆ ದಿವಾಳಿಯಾಗಿತ್ತು, ಪೆಟ್ರೋಲಿಗೆ ದಿನಗಟ್ಟಲೆ ಸರದಿ ನಿಲ್ಲಬೇಕಿತ್ತು, ಅದಕ್ಕೆ ಮೊದಲು ರಾತ್ರೋರಾತ್ರಿ ರಾಸಾಯನಿಕ ಗೊಬ್ಬರ ನಿಷೇಧಿಸಿ ರೈತರನ್ನು ಮುಳುಗಿಸಿದ್ದರು. ಈಜುಕೊಳದ ಚಿತ್ರ ಬರುವುದಕ್ಕೆ ಮೂರು ತಿಂಗಳು ಮೊದಲು, ಏಪ್ರಿಲ್ 9ರಿಂದ, ಗಾಲ್ ಫೇಸ್ ಕಡಲತೀರದಲ್ಲಿ ಡೇರೆಗಳ ಊರೇ ಎದ್ದಿತ್ತು. ಅಲ್ಲಿ ಗ್ರಂಥಾಲಯವಿತ್ತು, ಊಟದ ವ್ಯವಸ್ಥೆಯಿತ್ತು, ದಶಕಗಳ ಅಂತರ್ಯುದ್ಧದಲ್ಲಿ ಪರಸ್ಪರ ಅನುಮಾನದಿಂದ ನೋಡುತ್ತಿದ್ದ ಸಿಂಹಳೀಯರು, ತಮಿಳರು, ಮುಸ್ಲಿಮರು ಒಂದೇ ಕಡೆ ಕುಳಿತು ಮಾತಾಡಿದ ಸಂಜೆಗಳಿದ್ದವು. ಢಾಕಾದ ಸಿಟ್ಟು ಸರ್ಕಾರಿ ನೌಕರಿಯ ಮೀಸಲಾತಿಯಿಂದ ಮೊದಲಾಯಿತು. ಅದೇ ಪ್ರಶ್ನೆಯ ಮೇಲೆ 2018ರಲ್ಲೇ ವಿದ್ಯಾರ್ಥಿಗಳು ಒಮ್ಮೆ ಗೆದ್ದಿದ್ದರು. 2024ರ ಜೂನ್‌ನಲ್ಲಿ ಹೈಕೋರ್ಟ್ ತೀರ್ಪು ಆ ಗೆಲುವನ್ನು ಕಸಿದಾಗ ಹಳೆಯ ಸಂಪರ್ಕಗಳು ಮತ್ತೆ ಚುರುಕಾದವು. ಮುಂದಿನ ವಾರಗಳಲ್ಲಿ ಸತ್ತವರ ಸಂಖ್ಯೆ 1,400ರವರೆಗೆ ಇರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅಂದಾಜಿಸಿದೆ. ನೇಪಾಳದಲ್ಲಿ 26 ಸಾಮಾಜಿಕ ಜಾಲತಾಣಗಳನ್ನು ಒಮ್ಮೆಲೇ ನಿಷೇಧಿಸಿದ್ದು, ಅದಕ್ಕೂ ಮೊದಲು ರಾಜಕಾರಣಿಗಳ ಮಕ್ಕಳ ಐಷಾರಾಮದ ವಿಡಿಯೋಗಳು, ಸೆಪ್ಟೆಂಬರ್ 8ರ ಒಂದೇ ದಿನ ಗುಂಡಿಗೆ ಬಿದ್ದ 19 ಜೀವಗಳು. ಜೊತೆಗೆ ಆ ಹುಡುಗರ ತಂದೆತಾಯಂದಿರು 2006ರಲ್ಲಿ ಹತ್ತೊಂಬತ್ತು ದಿನ ಬೀದಿಯಲ್ಲಿದ್ದು ಅರಸನನ್ನೇ ಮಣಿಸಿದ್ದರು. ಬೀದಿಗಿಳಿಯುವುದನ್ನು ನೇಪಾಳದವರು ಢಾಕಾದಿಂದ ಕಲಿಯಬೇಕಾಗಿರಲಿಲ್ಲ.

ಹಾಗಾದರೆ ಕೊಲಂಬೊ ಮತ್ತು ಢಾಕಾದಿಂದ ಏನೂ ಬರಲಿಲ್ಲವೇ? ಬಂತು. ಅರಮನೆಯ ಗೇಟು ತೆರೆಯುತ್ತದೆ ಎಂಬ ಅರಿವು ಬಂತು. ಗೇಟು ತೆರೆದ ಮರುದಿನ ಏನು ಮಾಡಬೇಕೆಂಬುದು ಬರಲಿಲ್ಲ, ಅದನ್ನು ಪ್ರತಿ ದೇಶವೂ ಸೊನ್ನೆಯಿಂದ ಹುಡುಕಿಕೊಳ್ಳಬೇಕಾಯಿತು. ನೇಪಾಳದ ಯುವಕರು ಆಟವಾಡುವವರ ಹರಟೆಗೆಂದು ಮಾಡಿದ ಆ್ಯಪಿನಲ್ಲಿ ಸಾವಿರಾರು ಮಂದಿ ಸೇರಿ ಮಧ್ಯಂತರ ಪ್ರಧಾನಿ ಯಾರಾಗಬೇಕೆಂದು ಚರ್ಚಿಸಿದರು. ಯಾವ ದೇಶದಿಂದಲೂ ಎರವಲು ತಂದ ಉಪಾಯವಲ್ಲ ಅದು, ಹಾಗಾಗಿ ನನಗೆ ಅದು ಉರಿಯುವ ಕಟ್ಟಡಗಳಿಗಿಂತ ಹೆಚ್ಚು ಕುತೂಹಲದ ಸಂಗತಿ.

ಚಿಹ್ನೆಗಳ ಬಗ್ಗೆ ಎರಡು ಮಾತು ಸಾಕು. ಜಪಾನಿನ ಕಾಮಿಕ್ ಸರಣಿಯೊಂದರ ಕಡಲುಗಳ್ಳರ ಬಾವುಟ, ಹುಲ್ಲಿನ ಟೋಪಿ ತೊಟ್ಟ ತಲೆಬುರುಡೆ, 2025ರಲ್ಲಿ ಇಂಡೋನೇಷ್ಯಾದಲ್ಲಿ ಹಾರಿತು. ಅಲ್ಲಿಂದ ನೇಪಾಳ, ಫಿಲಿಪ್ಪೀನ್ಸ್, ಮಡಗಾಸ್ಕರ್‌ವರೆಗೂ ಹೋಯಿತು. ಮೂರು ಬೆರಳಿನ ವಂದನೆ ಥಾಯ್ಲೆಂಡಿನಿಂದ ಮ್ಯಾನ್ಮಾರ್‌ಗೆ ಹೋಯಿತು. ಚಿಹ್ನೆಗಳು ಹಗುರ, ಆದ್ದರಿಂದಲೇ ಬೇಗ ಪ್ರಯಾಣಿಸುತ್ತವೆ. ಮಡಗಾಸ್ಕರ್‌ನಲ್ಲಿ ನೀರು, ವಿದ್ಯುತ್ ಇಲ್ಲವೆಂದು ಯುವಕರು ಎದ್ದರು, ಅಧ್ಯಕ್ಷ ಓಡಿಹೋದ, ಅಧಿಕಾರ ಹಿಡಿದದ್ದು ಸೇನೆ. ಬಾವುಟದಲ್ಲಿ ಆ ಎಚ್ಚರಿಕೆ ಬರೆದಿರುವುದಿಲ್ಲ.

ಚಿಹ್ನೆಗಿಂತ ಭಾರವಾದದ್ದು ವಿಧಾನ. ಹಾಂಗ್‌ಕಾಂಗಿನವರು 2019ರ ಆಗಸ್ಟ್‌ನಲ್ಲಿ ವಿಮಾನ ನಿಲ್ದಾಣದಲ್ಲಿ ಧರಣಿ ಕುಳಿತರು, ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದ ವಿಮಾನ ನಿಲ್ದಾಣವನ್ನು ಕ್ಯಾಟಲನ್ ಪ್ರತಿಭಟನಕಾರರು ಮುತ್ತಿದರು. ಅದೇ ಹಾಂಗ್‌ಕಾಂಗಿನವರು ಆಗಸ್ಟ್ 23ರಂದು ಕಟ್ಟಿದ ಮಾನವ ಸರಪಳಿ, 1989ರ ಅದೇ ತಾರೀಕಿಗೆ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳ ಜನ ಕೈಕೈ ಹಿಡಿದು ನಿಂತ ಸರಪಳಿಯ ನೆನಪಿನಲ್ಲಿ ಕಟ್ಟಿದ್ದು. ಬಾಲ್ಟಿಕ್ ದೇಶಗಳು ಎರಡೇ ವರ್ಷದಲ್ಲಿ ಸ್ವತಂತ್ರವಾದವು. ಹಾಂಗ್‌ಕಾಂಗಿಗೆ ಮರುವರ್ಷವೇ ರಾಷ್ಟ್ರೀಯ ಭದ್ರತಾ ಕಾನೂನು ಬಂತು. ಸರಪಳಿ ಅದೇ, ಎದುರಿಗಿದ್ದ ಸಾಮ್ರಾಜ್ಯಗಳು ಬೇರೆ: ಒಂದು ಕುಸಿಯುತ್ತಿತ್ತು, ಇನ್ನೊಂದು ಏರುತ್ತಿತ್ತು.

ಈಗ ನಾನು ಆರಂಭದಲ್ಲಿ ಹೇಳಿದ ಅಪರೂಪದ ಕತೆ. ಇದು ನಿಧಾನವಾಗಿ ನಡೆದ ಎರವಲು, ನನ್ನ ದೃಷ್ಟಿಯಲ್ಲಿ ಚರಿತ್ರೆಯಲ್ಲೇ ಬಹಳ ಚೆನ್ನಾಗಿ ನಡೆದ ಎರವಲು.

1905ರಲ್ಲಿ ರಷ್ಯಾದಲ್ಲಿ ಸಾರ್ವತ್ರಿಕ ಮುಷ್ಕರ ನಡೆದಾಗ ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧಿ ತಮ್ಮ ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಆಳಿಸಿಕೊಳ್ಳುವವರು ಸಹಕರಿಸದಿದ್ದರೆ ಎಷ್ಟೇ ಬಲಿಷ್ಠನಾದ ಅರಸನೂ ಆಳಲಾರ ಎಂಬ ವಿಚಾರ ಅವರನ್ನು ಹಿಡಿದಿತ್ತು. ಮರುವರ್ಷ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗಿನಲ್ಲಿ ಭಾರತೀಯರ ಸಭೆ ಅನ್ಯಾಯದ ಕಾನೂನಿಗೆ ತಲೆಬಾಗುವುದಿಲ್ಲವೆಂದು ಪ್ರಮಾಣ ಮಾಡಿತು. ಅಲ್ಲಿಂದ ಮೂರು ದಶಕ ದಾಟಿ 1936ಕ್ಕೆ ಬನ್ನಿ. ಹೋವರ್ಡ್ ಥರ್ಮನ್ ಎಂಬ ಅಮೆರಿಕದ ಕಪ್ಪು ಪಾದ್ರಿ ಬಾರ್ಡೋಲಿಯಲ್ಲಿ ಗಾಂಧಿಯನ್ನು ಕಂಡರು. ಗಾಂಧಿಯೇ ಅವರನ್ನು ಪ್ರಶ್ನೆಗಳಿಂದ ಮುತ್ತಿದರಂತೆ: ಗುಲಾಮಗಿರಿ, ಮತದಾನ, ಗುಂಪುಹತ್ಯೆ, ಎಲ್ಲದರ ಬಗ್ಗೆ. ಅಹಿಂಸೆಯ ಅಪ್ಪಟ ಸಂದೇಶ ಜಗತ್ತಿಗೆ ಬಹುಶಃ ಅಮೆರಿಕದ ಕಪ್ಪು ಜನರ ಮೂಲಕವೇ ತಲುಪಬಹುದು ಎಂದು ಅವರು ಹೇಳಿದ್ದು ಆ ಭೇಟಿಯಲ್ಲೇ.

ಇನ್ನೂ ಹದಿನೇಳು ವರ್ಷ ಕಳೆದು, ಕೊರಿಯಾ ಯುದ್ಧಕ್ಕೆ ಸೈನಿಕನಾಗಿ ಹೋಗಲು ಒಪ್ಪದೆ ಜೈಲು ಸೇರಿದ್ದ ಜೇಮ್ಸ್ ಲಾಸನ್ ಎಂಬ ತರುಣ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದ. ಮೂರು ವರ್ಷ ಅಲ್ಲಿದ್ದು, ಗಾಂಧಿಯ ಜೊತೆ ಕೆಲಸ ಮಾಡಿದ್ದವರೊಡನೆ ಒಡನಾಡಿ, ಸತ್ಯಾಗ್ರಹವನ್ನು ಒಂದು ಕಸುಬಿನಂತೆ ಕಲಿತ. ಮಾಂಟ್ಗೊಮರಿಯಲ್ಲಿ ಕಪ್ಪು ಜನ ಬಸ್ ಬಹಿಷ್ಕರಿಸಿದ ಸುದ್ದಿಯನ್ನು ಅವನು ಓದಿದ್ದು ನಾಗಪುರದ ಪತ್ರಿಕೆಯಲ್ಲಿ. ಊರಿಗೆ ಮರಳಿದ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಅವನನ್ನು ದಕ್ಷಿಣದ ರಾಜ್ಯಗಳಿಗೆ ಬರುವಂತೆ ಒತ್ತಾಯಿಸಿದರು. ಲಾಸನ್ ನ್ಯಾಶ್‌ವಿಲ್‌ಗೆ ಹೋಗಿ ಚರ್ಚಿನ ನೆಲಮಾಳಿಗೆಯಲ್ಲಿ ವಿದ್ಯಾರ್ಥಿಗಳಿಗೆ ತರಬೇತಿ ಆರಂಭಿಸಿದ. ಕೆಲವರು ಬಿಳಿಯ ಪುಂಡರ ವೇಷ ಹಾಕಿ ಬೈಯುವುದು, ತಳ್ಳುವುದು, ಕುರ್ಚಿಯಿಂದ ಕೆಡವುವುದು. ಉಳಿದವರು ತಿರುಗಿ ಹೊಡೆಯದೆ, ಓಡಿಹೋಗದೆ ಕುಳಿತಿರುವುದನ್ನು ಅಭ್ಯಾಸ ಮಾಡುವುದು. ತಿಂಗಳುಗಟ್ಟಲೆ ಇದೇ. 1960ರ ಫೆಬ್ರವರಿಯಲ್ಲಿ ಅವರು ಬಿಳಿಯರಿಗೆ ಮಾತ್ರ ಊಟ ಕೊಡುವ ಅಂಗಡಿಗಳಿಗೆ ಹೋಗಿ ಕುಳಿತರು. ಮೇ 10ರಂದು ನ್ಯಾಶ್‌ವಿಲ್‌ನ ಆ ಊಟದ ಕಟ್ಟೆಗಳು ಕಪ್ಪು ಜನರಿಗೂ ತೆರೆದವು.

ಇಲ್ಲಿ ಗಡಿ ದಾಟಿದ್ದು ಕೊನೆಯ ದಿನದ ಚಿತ್ರವಲ್ಲ, ತಯಾರಿಯ ವರ್ಷಗಳು. ಅದಕ್ಕೆ ಎರಡು ಮೂರು ದಶಕ ಹಿಡಿಯಿತು, ಒಬ್ಬ ಮನುಷ್ಯ ಪರದೇಶಕ್ಕೆ ಹೋಗಿ ಮೂರು ವರ್ಷ ಕೂರಬೇಕಾಯಿತು. ಗಾಂಧಿಯ ಉಪ್ಪಿನ ಸತ್ಯಾಗ್ರಹದ ಚಿತ್ರವನ್ನಷ್ಟೇ ನೋಡಿ 1930ರಲ್ಲೇ ಯಾರಾದರೂ ಅಲಬಾಮಾದಲ್ಲಿ ಅಂಥ ಮೆರವಣಿಗೆ ಹೊರಡಿಸಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ.

ಊಹೆಯೂ ಬೇಕಿಲ್ಲ, ಅದರ ಮುಂದಿನ ಕೊಂಡಿಯೇ ಉದಾಹರಣೆ. 1965ರಲ್ಲಿ ಅಲಬಾಮಾದ ಕಪ್ಪು ಜನ ಮತದಾನದ ಹಕ್ಕಿಗಾಗಿ ನಡೆಸಿದ ಸೆಲ್ಮಾ ಮೆರವಣಿಗೆಯನ್ನು ಮಾದರಿಯಾಗಿ ಇಟ್ಟುಕೊಂಡು 1969ರ ಜನವರಿ 1ರಂದು ಉತ್ತರ ಐರ್ಲೆಂಡಿನ ವಿದ್ಯಾರ್ಥಿಗಳು ಬೆಲ್‌ಫಾಸ್ಟ್‌ನಿಂದ ಡೆರಿಗೆ ಕಾಲ್ನಡಿಗೆ ಹೊರಟರು. ನಾಲ್ಕನೆಯ ದಿನ ಬರ್ನ್‌ಟಾಲೆಟ್ ಸೇತುವೆಯ ಬಳಿ ಎದುರಾಳಿಗಳು ಕಲ್ಲು, ಮೊಳೆ ಹೊಡೆದ ದೊಣ್ಣೆಗಳಿಂದ ಅವರ ಮೇಲೆರಗಿದರು. ಸೆಲ್ಮಾದ ಸೇತುವೆಯ ಮೇಲೂ ಹಾಗೆಯೇ ಆಗಿತ್ತು. ಆದರೆ ಸೆಲ್ಮಾದ ರಕ್ತ ಟಿವಿಯಲ್ಲಿ ಕಂಡ ಮೇಲೆ, ರಾಜ್ಯ ಸರ್ಕಾರಕ್ಕಿಂತ ಮೇಲಿದ್ದ ವಾಷಿಂಗ್ಟನ್ ಎಚ್ಚೆತ್ತು ಐದೇ ತಿಂಗಳಲ್ಲಿ ಮತದಾನದ ಹಕ್ಕಿನ ಕಾನೂನು ತಂದಿತು. ಉತ್ತರ ಐರ್ಲೆಂಡಿನಲ್ಲಿ ಮೇಲಿನ ಸರ್ಕಾರವಾಗಿದ್ದ ಲಂಡನ್ 1969ರ ಆಗಸ್ಟ್‌ನಲ್ಲಿ ಸೇನೆ ಕಳಿಸಿತು, ಆ ಸೇನೆಯೇ ಜಗಳದ ಒಂದು ಪಕ್ಷವಾಯಿತು, 1972ರ ಜನವರಿ 30ರಂದು ಡೆರಿಯಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಗುಂಡು ಹಾರಿಸಿತು. ಮೆರವಣಿಗೆ ನಕಲು ಮಾಡಲು ಬರುತ್ತದೆ. ಅದನ್ನು ನೋಡಿ ನಾಚಬೇಕಾದವರನ್ನು ನಕಲು ಮಾಡಲು ಬರುವುದಿಲ್ಲ.

ಇಷ್ಟು ಹೊತ್ತು ಬೀದಿಯಲ್ಲಿರುವವರು ಮಾತ್ರ ಪಾಠ ಕಲಿಯುತ್ತಾರೆ ಎಂಬಂತೆ ಮಾತಾಡಿದೆ. ಅರಮನೆಯಲ್ಲಿರುವವರೂ ಅದೇ ಟಿವಿ ನೋಡುತ್ತಿರುತ್ತಾರೆ, ಅವರ ಬಳಿ ಪಾಠ ಕಲಿಯಲು ಸಂಬಳದ ಜನ, ಹಣ, ಸಮಯ ಎಲ್ಲವೂ ಇರುತ್ತವೆ. ಮುಬಾರಕ್ ಉರುಳಿದ ತಿಂಗಳಲ್ಲೇ ಸೌದಿ ಅರೇಬಿಯಾದ ದೊರೆ ಪ್ರಜೆಗಳಿಗೆ ಸುಮಾರು 3,700 ಕೋಟಿ ಡಾಲರ್ ಮೊತ್ತದ ಸವಲತ್ತು ಘೋಷಿಸಿದ. ಮೊರಾಕೊದ ದೊರೆ ಹೊಸ ಸಂವಿಧಾನಕ್ಕೆ ಜನಮತ ಪಡೆದ, ಜೋರ್ಡಾನಿನ ದೊರೆ ಪ್ರಧಾನಿಯನ್ನು ಬದಲಿಸಿದ. ಬಹ್ರೇನಿನಲ್ಲಿ ಜನ ಮುತ್ತಿನ ವೃತ್ತವನ್ನು ತಮ್ಮ ತಹ್ರೀರ್ ಮಾಡಿಕೊಂಡಿದ್ದರು. ಮಾರ್ಚ್ 14ರಂದು ನೆರೆಯ ಕೊಲ್ಲಿ ದೇಶಗಳ ಪಡೆಗಳು ಬಂದವು, 18ರಂದು ಆ ವೃತ್ತದ ಸ್ಮಾರಕವನ್ನೇ ಬುಲ್ಡೋಜರ್ ಹಚ್ಚಿ ಕೆಡವಿದರು. ಚೀನಾದಲ್ಲಿ ಇಂಟರ್‌ನೆಟ್ಟಿನಲ್ಲಿ ಮಲ್ಲಿಗೆ ಎಂಬ ಪದವನ್ನು ಹುಡುಕುವುದನ್ನೇ ತಡೆದರು, ಟ್ಯುನೀಷಿಯಾದ ಕ್ರಾಂತಿಗೆ ಆ ಹೂವಿನ ಹೆಸರು ಬಿದ್ದಿತ್ತು ಎಂಬ ಕಾರಣಕ್ಕೆ.

1989ರಲ್ಲಿ ಈ ಎರಡು ಬಗೆಯ ಕಲಿಕೆಗಳು ಮುಖಾಮುಖಿಯಾದದ್ದನ್ನು ನೋಡಬೇಕು. ಜೂನ್ 4ರಂದು ಪೋಲೆಂಡಿನಲ್ಲಿ ಸಾಲಿಡಾರಿಟಿ ಎಂಬ ಸ್ವತಂತ್ರ ಕಾರ್ಮಿಕ ಸಂಘಟನೆ ಚುನಾವಣೆ ಗೆದ್ದಿತು, ಅದೇ ದಿನ ಬೀಜಿಂಗ್‌ನಲ್ಲಿ ಸೇನೆ ವಿದ್ಯಾರ್ಥಿಗಳನ್ನು ಕೊಂದಿತು. ಪೂರ್ವ ಜರ್ಮನಿಯ ಜನ ವಾರ್ಸಾವನ್ನು ನೋಡಿದರು, ಅವರನ್ನು ಆಳುತ್ತಿದ್ದವರು ಬೀಜಿಂಗನ್ನು ಹೊಗಳಿದರು. ಅಕ್ಟೋಬರ್ 9ರಂದು ಲೈಪ್ಜಿಗ್‌ನಲ್ಲಿ ಸುಮಾರು 70,000 ಮಂದಿ ಮೇಣದ ಬತ್ತಿ ಹಿಡಿದು ಹೊರಟಾಗ, ಚೀನಾದಲ್ಲಿ ಆದದ್ದು ತಮಗೂ ಆಗಬಹುದೆಂದು ಅವರಿಗೆ ಗೊತ್ತಿತ್ತು. ಅಂದು ಗುಂಡು ಹಾರಲಿಲ್ಲ. ಅಂಥ ಆಜ್ಞೆಯ ಹೊಣೆ ಹೊರಲು ಸ್ಥಳೀಯ ಅಧಿಕಾರಿಗಳು ಮುಂದಾಗಲಿಲ್ಲ, ಮಾಸ್ಕೋದ ಪಡೆಗಳು ಬ್ಯಾರಕ್ಕುಗಳಲ್ಲೇ ಉಳಿದವು. ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು.

ಆಳುವವರ ಇನ್ನೊಂದು ಹಳೆಯ ಅಸ್ತ್ರ ವಿದೇಶಿ ಕೈವಾಡದ ಆರೋಪ. ಇದನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಸರ್ಬಿಯಾದಲ್ಲಿ 2000ರಲ್ಲಿ ಅಧಿಕಾರದಲ್ಲಿದ್ದ ಮಿಲೊಶೆವಿಚ್‌ನನ್ನು ಕೆಳಗಿಳಿಸಿದ ಚಳವಳಿಯಲ್ಲಿ ಮುಂದಿದ್ದ ಓಟ್ಪೋರ್ ಎಂಬ ಯುವಕರ ಸಂಘಟನೆಗೆ ಅಮೆರಿಕದ ಹಣ ಬಂದಿತ್ತು. ಅದರ ಕಾರ್ಯಕರ್ತರು ಜಾರ್ಜಿಯಾ, ಉಕ್ರೇನ್, ಬೆಲಾರೂಸ್‌ಗಳ ಯುವಕರಿಗೆ ಪಾಠ ಹೇಳಿದರು. ಈಜಿಪ್ಟಿನ ಏಪ್ರಿಲ್ 6 ಚಳವಳಿಯ ಯುವಕನೊಬ್ಬ 2009ರಲ್ಲಿ ಬೆಲ್‌ಗ್ರೇಡಿಗೆ ಹೋಗಿ ತರಬೇತಿ ಪಡೆದ, ಓಟ್ಪೋರಿನ ಮುಷ್ಟಿಯ ಲಾಂಛನ ಕೈರೋದಲ್ಲೂ ಕಾಣಿಸಿಕೊಂಡಿತು. ಇದೆಲ್ಲ ನಿಜ. ಆದರೆ ಜಾರ್ಜಿಯಾದ 2003, ಉಕ್ರೇನಿನ 2004 ಗೆದ್ದವು. ಅದೇ ಪಾಠ ಕೇಳಿದ ಬೆಲಾರೂಸಿನ ಯುವಕರು 2001ರಲ್ಲೂ 2006ರಲ್ಲೂ ತಮ್ಮ ಅಧ್ಯಕ್ಷ ಲುಕಶೆಂಕೊನನ್ನು ಅಲುಗಿಸಲಾಗಲಿಲ್ಲ. ಪಾಠ ಮತ್ತು ಹಣವೇ ಬಂಡಾಯ ಮಾಡಿಸುವುದಾದರೆ ಬೆಲಾರೂಸಿನ ರಾಜಧಾನಿ ಮಿನ್‌ಸ್ಕ್ ಎಂದೋ ಉರುಳಬೇಕಿತ್ತು. ಹೊರಗಿನ ಹಣ ಸ್ಟಿಕ್ಕರ್ ಮುದ್ರಿಸುತ್ತದೆ, ಧ್ವನಿವರ್ಧಕ ಕೊಡಿಸುತ್ತದೆ. ಕೊರೆಯುವ ಚಳಿಯಲ್ಲಿ ಕೀವ್ ನಗರದ ಚೌಕದಲ್ಲಿ ಲಕ್ಷಾಂತರ ಜನರನ್ನು ವಾರಗಟ್ಟಲೆ ನಿಲ್ಲಿಸುವುದು ಅದರ ಕೈಲಾಗುವ ಕೆಲಸವಲ್ಲ. ಆದರೂ ಚಳವಳಿಗಾರರು ಒಂದನ್ನು ಗಮನಿಸಬೇಕು: ಎರವಲು ತಂದ ಲಾಂಛನ ಎದೆಗೆ ಅಂಟಿಸಿಕೊಂಡ ದಿನವೇ ಆರೋಪ ಹೊರಿಸುವವನ ಕೆಲಸವನ್ನು ಅರ್ಧ ಸುಲಭ ಮಾಡಿಕೊಟ್ಟಂತೆ.

ಸೋಲು ಕೂಡ ಗಡಿ ದಾಟುತ್ತದೆ, ಕೆಲವೊಮ್ಮೆ ಗೆಲುವಿಗಿಂತ ಹೆಚ್ಚು ಉಪಯುಕ್ತವಾಗಿ. ಸುಡಾನಿನ ಜನ 2018ರ ಡಿಸೆಂಬರ್‌ನಲ್ಲಿ ರೊಟ್ಟಿಯ ಬೆಲೆಯ ವಿಷಯದಲ್ಲಿ ಎದ್ದರು. 2019ರ ಏಪ್ರಿಲ್ 6ರಂದು ಖಾರ್ಟೂಮಿನ ಸೇನಾ ಕೇಂದ್ರ ಕಚೇರಿಯ ಮುಂದೆ ಧರಣಿ ಕುಳಿತರು. ಆ ದಿನವನ್ನು ಆರಿಸಿದ್ದು ತಮ್ಮದೇ ಚರಿತ್ರೆಯಿಂದ: 1985ರ ಅದೇ ದಿನ ಹಿಂದಿನ ಸರ್ವಾಧಿಕಾರಿ ನಿಮೇರಿಯ ಆಳ್ವಿಕೆ ಮುಗಿದಿತ್ತು. ಐದು ದಿನಕ್ಕೆ ಸೇನೆ ಅಧ್ಯಕ್ಷ ಬಶೀರನನ್ನು ತೆಗೆದು ತಾನೇ ಕುಳಿತಿತು. ಈಜಿಪ್ಟಿನವರು ಇಂಥ ಹೊತ್ತಿನಲ್ಲಿ ಸಂಭ್ರಮಿಸಿ ಮನೆಗೆ ಹೋಗಿದ್ದರು, ಎರಡೂವರೆ ವರ್ಷದೊಳಗೆ ಸೇನೆಯ ಆಳ್ವಿಕೆ ಮರಳಿತ್ತು. ಸುಡಾನಿನವರು ಮನೆಗೆ ಹೋಗಲಿಲ್ಲ. ಒಂದೋ ಗೆಲುವು, ಇಲ್ಲವೇ ಈಜಿಪ್ಟ್ ಎಂದು ಕೂಗಿದರು. ಅದೇ ತಿಂಗಳು ಅಲ್ಜೀರಿಯಾದಲ್ಲಿ ಅಧ್ಯಕ್ಷ ಬೂತೆಫ್ಲಿಕಾ ರಾಜೀನಾಮೆ ಕೊಟ್ಟ ಮೇಲೂ ಜನ ಶುಕ್ರವಾರದಿಂದ ಶುಕ್ರವಾರಕ್ಕೆ ಬೀದಿಗೆ ಬರುತ್ತಲೇ ಇದ್ದರು. ಎಂಟು ವರ್ಷದಲ್ಲಿ ಬೀದಿ ಕಲಿತದ್ದು ಇದು, ಮತ್ತು ಇದು ಕೊನೆಯ ದಿನದಾಚೆಗೆ ನೋಡಿದವರ ಕಲಿಕೆ.

ಸುಡಾನಿನಲ್ಲಿ ಅದೂ ಸಾಕಾಗಲಿಲ್ಲ. ಜೂನ್ 3ರಂದು ಧರಣಿಯ ಮೇಲೆ ದಾಳಿ ನಡೆದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಆದರೂ ಜನ ಮತ್ತೆ ಲಕ್ಷಗಟ್ಟಲೆ ಬಂದು ಆಗಸ್ಟ್‌ನಲ್ಲಿ ಅಧಿಕಾರ ಹಂಚಿಕೆಗೆ ಸೇನೆಯನ್ನು ಒಪ್ಪಿಸಿದರು. 2021ರ ಅಕ್ಟೋಬರ್‌ನಲ್ಲಿ ಸೇನೆ ಅದನ್ನೂ ಮುರಿಯಿತು, 2023ರ ಏಪ್ರಿಲ್‌ನಲ್ಲಿ ಸೇನೆ ಮತ್ತು ಅದು ಬೆಳೆಸಿದ ಅರೆಸೇನೆ ಪರಸ್ಪರ ಕಾದಾಟಕ್ಕಿಳಿದು ದೇಶವನ್ನು ಸುಟ್ಟವು. ಬೀದಿಯಿಂದ ನೋಡಿದರೆ ಪೂರ್ತಿ ಸೋಲು.

ಆದರೆ ಆ ಧರಣಿಯ ಬೆನ್ನೆಲುಬಾಗಿದ್ದದ್ದು ಬಡಾವಣೆಗಳಲ್ಲಿ ವರ್ಷಗಳಿಂದ ಕಟ್ಟಿಕೊಂಡಿದ್ದ ಪ್ರತಿರೋಧ ಸಮಿತಿಗಳು. ಯುದ್ಧ ಆರಂಭವಾದಾಗ ಅವುಗಳ ಯುವಕ ಯುವತಿಯರೇ ತುರ್ತು ನೆರವಿನ ಗುಂಪುಗಳನ್ನು ಕಟ್ಟಿದರು. ಆಸ್ಪತ್ರೆಗೆ ಔಷಧಿ ಹುಡುಕಿದರು, ಗುಂಡಿನ ನಡುವೆ ಸಿಕ್ಕಿಬಿದ್ದವರನ್ನು ಸಾಗಿಸಿದರು, ದೊಡ್ಡ ದೊಡ್ಡ ನೆರವು ಸಂಸ್ಥೆಗಳು ತಲುಪಲಾಗದ ಬಡಾವಣೆಗಳಲ್ಲಿ ಸಾಮೂಹಿಕ ಅಡುಗೆಮನೆಗಳನ್ನು ನಡೆಸಿದರು. ಇಲ್ಲಿ ಅರಮನೆಯ ಗೇಟಿಲ್ಲ, ಈಜುಕೊಳವಿಲ್ಲ, ಹಾಗಾಗಿ ಇದರ ವಿಡಿಯೋ ಜಗತ್ತು ಸುತ್ತಲಿಲ್ಲ. ಇನ್ನೊಂದು ದೇಶದ ಚಳವಳಿಗಾರರು ಸುಡಾನಿನಿಂದ ಏನಾದರೂ ಎರವಲು ಪಡೆಯುವುದಾದರೆ, ಏಪ್ರಿಲ್ 2019ರ ಚೌಕಕ್ಕಿಂತ ಮೊದಲು ಈ ಸಮಿತಿಗಳು ಯಾರ ಮನೆಯಲ್ಲಿ ಸೇರುತ್ತಿದ್ದವು, ಹಣ ಹೇಗೆ ಕೂಡಿಸುತ್ತಿದ್ದವು, ಒಬ್ಬ ಸಿಕ್ಕಿಬಿದ್ದರೆ ಅವನ ಜಾಗಕ್ಕೆ ಯಾರು ಬರುತ್ತಿದ್ದರು ಎಂದು ಕೇಳಿ ತಿಳಿಯಲಿ. ಅದಕ್ಕೆ ನಾಗಪುರಕ್ಕೆ ಹೋಗಿ ಮೂರು ವರ್ಷ ಕುಳಿತ ಲಾಸನ್‌ನಂಥವರು ಬೇಕು, ಅಂಥವರು ಈಗಾಗಲೇ ಎಲ್ಲಿಂದಲೋ ಹೊರಟಿದ್ದರೂ ಅವರ ಸುದ್ದಿ ನಮಗೆ ಸದ್ಯಕ್ಕಂತೂ ತಲುಪುವುದಿಲ್ಲ.